ಸರ್ಕಾರಿ ಶಾಲೆಗೆ ಯಜಮಾನರು ಯಾರು?

ಇಂದಿರಾನಗರದ ಒಂದು ಮನೆ. ಮನೆಯೊಡತಿಯ ಮಗ ಲಕ್ಷಗಟ್ಟಲೆ ಶುಲ್ಕದ ಖಾಸಗಿ ಶಾಲೆಗೆ ಹೋಗುತ್ತಾನೆ. ಅಲ್ಲಿ ಪಾತ್ರೆ ತೊಳೆಯುವಾಕೆಯ ಮಗಳು ಹಲಸೂರಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಇಬ್ಬರು ತಾಯಂದಿರಲ್ಲಿ ಶಾಲೆಯ ಆಡಳಿತದ ಮೇಲೆ ಹೆಚ್ಚಿನ ಹಕ್ಕು ಯಾರಿಗಿದೆ? ಪಾತ್ರೆ ತೊಳೆಯುವಾಕೆಗೆ! ಶಿಕ್ಷಣ ಹಕ್ಕು ಕಾಯ್ದೆ ಪೋಷಕರ ಸಮಿತಿಯನ್ನು ಕಡ್ಡಾಯ ಮಾಡಿರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಅನುದಾನರಹಿತ ಖಾಸಗಿ ಶಾಲೆಗೆ ಆ ಕಲಮು ಅನ್ವಯಿಸುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ದೆಹಲಿಗಿಂತ ಮುಂದಿತ್ತು. ಹಿಂದಿನ ಬೆಟರ್‌ಮೆಂಟ್ ಕಮಿಟಿಗಳಲ್ಲಿ ಊರ ದೊಡ್ಡವರದೇ ಮಾತು. ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕೆಂದೇನೂ ಇರಲಿಲ್ಲ. ಡಾ. ರಾಜಾರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ ಸರ್ಕಾರ 2001ರ ಏಪ್ರಿಲ್‌ನಲ್ಲಿ ‘ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ಯನ್ನು ರಚಿಸಿತು. ಜನರ ಬಾಯಲ್ಲಿ ಅದೇ ಎಸ್‌ಡಿಎಂಸಿ. 1974ರ ಪೋಖ್ರಾನ್ ಪರೀಕ್ಷೆಯ ಹಿಂದಿದ್ದ ಪರಮಾಣು ವಿಜ್ಞಾನಿ ಕನ್ನಡ ಶಾಲೆಯ ಒಡಕು ಹೆಂಚಿನ ಬಗ್ಗೆಯೂ ತಲೆ ಕೆಡಿಸಿಕೊಂಡರೆಂಬುದು ಮಕ್ಕಳಿಗೆ ಹೇಳಬೇಕಾದ ಸಂಗತಿ. ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಯೇ ಸೇರಿ ತಮ್ಮೊಳಗಿನವರನ್ನು ಆರಿಸಬೇಕು ಎಂಬುದು ಆ ಆದೇಶದ ತಿರುಳು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕೇಂದ್ರದ ಕಾಯ್ದೆ ಇದನ್ನೇ ದೇಶಕ್ಕೆಲ್ಲ ವಿಸ್ತರಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಶಾಲೆ ನಡೆಯುವ ರೀತಿ ನೋಡುವುದು, ಅನುದಾನದ ಖರ್ಚು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆ ಬರೆಯುವುದು ಇವರ ಕೆಲಸ. ಮೇಷ್ಟರು ಸರಿಯಾಗಿ ಬರುತ್ತಾರೆಯೇ, ಬಿಸಿಯೂಟ ಹೇಗಿದೆ ಎಂದೂ ಕೇಳಬಹುದು. ಆದರೆ ಅಮೆರಿಕದ ಶಾಲಾ ಮಂಡಳಿಗಳಂತೆ ಶಿಕ್ಷಕರನ್ನು ನೇಮಿಸುವ ಅಧಿಕಾರ ಇಲ್ಲಿಲ್ಲ.

ಹಣ ಎಷ್ಟು? ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. 200 ಮಕ್ಕಳಿದ್ದರೆ ತಲೆಗೆ 250 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಅಂದರೆ 5,000 ರೂಪಾಯಿ. ತಿಂಗಳಿಗೆ ನಾನೂರು ಚಿಲ್ಲರೆ. ಆ ದುಡ್ಡಿನಲ್ಲಿ ಶೌಚಾಲಯ ದಿನವೂ ತೊಳೆಸುವುದು ಹೇಗೆಂದು ಮುಖ್ಯೋಪಾಧ್ಯಾಯಿನಿಯನ್ನೇ ಕೇಳಿ ನೋಡಿ. ಲೆಕ್ಕ ಗೊತ್ತಿರದ ಪೋಷಕರು ಶಾಲೆಯನ್ನು ಬೈಯುತ್ತಾರೆ. ಗೊತ್ತಿರುವವರು ಇನ್ನಷ್ಟು ಹಣಕ್ಕೆ ಎಲ್ಲಿ ಅರ್ಜಿ ಹಾಕಬೇಕೆಂದು ಯೋಚಿಸುತ್ತಾರೆ. ಸಮಿತಿಯ ಉಪಯೋಗ ಇಲ್ಲಿಂದಲೇ ಶುರು.

ಕಾಗದದ ಮೇಲಿನ ಈ ಅಧಿಕಾರ ದಂಡಿನ ಬೀದಿಗಳಲ್ಲಿ ಎಡವುವುದು ಎರಡು ಸಣ್ಣ ಕಲ್ಲುಗಳಿಗೆ: ಹೊತ್ತು ಮತ್ತು ಭಾಷೆ. ಸಭೆ ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಎಂದರೆ ಗಾರೆ ಕೆಲಸದವನಿಗೆ, ಮನೆಗೆಲಸದಾಕೆಗೆ ಆ ದಿನದ ಕೂಲಿ ಹೋದ ಹಾಗೆ. ಶಿವಾಜಿನಗರದ ಓಣಿಗಳಲ್ಲಿ ಮನೆಮಾತು ಉರ್ದು, ತಮಿಳು. ಹಲಸೂರಿನಲ್ಲಿ ತಮಿಳು, ತೆಲುಗು. ಕೆ.ಆರ್. ಪುರದ ಕಡೆ ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿಯವರ ಜೊತೆ ಬಿಹಾರ, ಬಂಗಾಳದವರೂ ಇದ್ದಾರೆ. ಕನ್ನಡದ ನೋಟೀಸನ್ನು ಮನೆಯಲ್ಲಿ ಓದಿ ಹೇಳುವವರು ಯಾರು? ನಾಲ್ಕನೇ ತರಗತಿಯ ಮಗುವೇ. ತನ್ನ ಗೈರುಹಾಜರಿಯ ವಿಷಯ ಬಂದಾಗ ಆ ಮಗು ಪೂರಾ ಓದುತ್ತದೆಂದು ಯಾವ ಮೇಷ್ಟರೂ ನಂಬಲಾರರು!

ಕಟ್ಟಡ ಮುಗಿದರೆ ಕುಟುಂಬ ಬೇರೆಡೆಗೆ ಹೊರಡುತ್ತದೆ, ಸಮಿತಿಯ ಸ್ಥಾನ ಖಾಲಿ. ಇತ್ತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ. ಅಹವಾಲು ಒಯ್ಯುವ ಒಂದು ಬಾಗಿಲು ಮುಚ್ಚಿತ್ತು. ಸಭೆಯನ್ನು ಭಾನುವಾರಕ್ಕೋ ಸಂಜೆಗೋ ಇಟ್ಟು, ಮೂರು ಭಾಷೆಯಲ್ಲಿ ಬಾಯಿಮಾತಿನಲ್ಲೇ ಕರೆದರೆ ಹತ್ತು ಸುತ್ತೋಲೆಗಿಂತ ಹೆಚ್ಚು ಕೆಲಸವಾಗುತ್ತದೆ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಜಾಗವಿದೆ. 2010ರ ಕೇಂದ್ರದ ಮಾದರಿ ನಿಯಮಗಳಂತೆ, ಪೋಷಕ ಸದಸ್ಯರು ಒಪ್ಪಿದರೆ ಶಾಲೆಯ ಮಕ್ಕಳೂ ಸದಸ್ಯರಾಗಬಹುದು. ಸಭೆಯ ನಡಾವಳಿ ಎಲ್ಲರಿಗೂ ನೋಡಲು ಸಿಗಬೇಕು. ಯೋಜನೆ ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲೇ, ಅಂದರೆ ಡಿಸೆಂಬರ್ ಒಳಗೆ ಸಿದ್ಧವಾಗಬೇಕು.

ಏಳನೇ ತರಗತಿಯವರು ಅದಕ್ಕೊಂದು ಪುಟ ಬರೆದುಕೊಡಬಹುದು. ಶಾಲೆಯ ನೀರಿನ ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಅಳೆದು ಗುಣಿಸಿ. ಒಂದು ಘನ ಮೀಟರಿಗೆ 1,000 ಲೀಟರ್. ಹಗಲು ಶಾಲೆಯ ಮಗುವಿಗೆ ದಿನಕ್ಕೆ 45 ಲೀಟರ್ ಬೇಕೆನ್ನುತ್ತದೆ ಭಾರತೀಯ ಮಾನಕ. 200 ಮಕ್ಕಳಿಗೆ 9,000 ಲೀಟರ್, ಅಂದರೆ 6,000 ಲೀಟರಿನ ಒಂದೂವರೆ ಟ್ಯಾಂಕರ್. ನಿಮ್ಮ ತೊಟ್ಟಿ ಹಿಡಿಯುವುದೆಷ್ಟು, ಅದು ವಾರದಲ್ಲಿ ಎಷ್ಟು ದಿನ ತುಂಬುತ್ತದೆ ಎಂದು ಬರೆದು ಮುಂದಿನ ಸಭೆಯಲ್ಲಿ ಅಧ್ಯಕ್ಷರ ಕೈಗೆ ಕೊಡಿ.