ನೆರೆಯ ಗಡಿಯಾರದಲ್ಲಿ ಗಂಟೆ ನೋಡುವ ಊರು

ಮನೆಯಲ್ಲಿ ಮಕ್ಕಳ ಶಾಲೆಯ ಭೂಪಟವಿದ್ದರೆ ಒಮ್ಮೆ ಬಿಚ್ಚಿ ನೋಡೋಣ. ಉತ್ತರ ಅಮೆರಿಕದ ವಾಯವ್ಯ ಮೂಲೆಯಲ್ಲಿ ಅಲಾಸ್ಕ ಎಂಬ ವಿಶಾಲವಾದ ಸೀಮೆಯಿದೆ. ಅದು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ್ದು. ಆದರೂ ತಾಯಿನೆಲಕ್ಕೆ ಅಂಟಿಕೊಂಡಿಲ್ಲ. ನಡುವೆ ಕೆನಡಾ ದೇಶ ವಿರಾಜಮಾನವಾಗಿ ಕುಳಿತಿದೆ. ಅಲಾಸ್ಕದಿಂದ ದಕ್ಷಿಣಕ್ಕೆ ಸೌಟಿನ ಹಿಡಿಯಂತೆ ಕಡಲಂಚಿನಲ್ಲಿ ಇಳಿದಿರುವ ಕಿರಿದಾದ ಪಟ್ಟಿಯೊಂದು ಕಾಣುತ್ತದಷ್ಟೆ. ಆ ಪಟ್ಟಿಯಲ್ಲಿ, ಅಲಾಸ್ಕದ ಊರುಗಳಲ್ಲೆಲ್ಲ ಅತ್ಯಂತ ಪೂರ್ವಕ್ಕೆ ಇರುವ ಊರಿನ ಹೆಸರು ಹೈಡರ್.

ಈ ಹೆಸರು ಕಿವಿಗೆ ಬಿದ್ದೊಡನೆ ಶ್ರೀರಂಗಪಟ್ಟಣದ ಹೈದರಾಲಿಯ ನೆನಪಾದರೆ ವಾಚಕರ ತಪ್ಪಲ್ಲ. ನಮಗೂ ಹಾಗೆಯೇ ಆಯಿತು. ಆದರೆ ಈ ಹೈಡರ್ ಬೇರೆ. ಊರನ್ನು 1907ರಲ್ಲಿ ಕಟ್ಟಿದವರು ಅದಕ್ಕೆ ಪೋರ್ಟ್‌ಲೆಂಡ್ ಸಿಟಿ ಎಂದು ಘನವಾದ ಹೆಸರನ್ನೇ ಇಟ್ಟಿದ್ದರು. ಅಂಚೆ ಕಚೇರಿ ಬೇಕೆಂದು ಕೇಳಿದಾಗ, ಅಮೆರಿಕದಲ್ಲಿ ಪೋರ್ಟ್‌ಲೆಂಡುಗಳು ಈಗಾಗಲೇ ಸಾಕಷ್ಟಿವೆ, ಬೇರೆ ಹೆಸರು ನೋಡಿಕೊಳ್ಳಿರಿ ಎಂದು ಅಂಚೆಯ ಇಲಾಖೆಯವರು ಹೇಳಿದರು. ಈ ಊರಿಗೆ ದೊಡ್ಡ ಭವಿಷ್ಯವಿದೆಯೆಂದು ನುಡಿದಿದ್ದ ಫ್ರೆಡರಿಕ್ ಹೈಡರ್ ಎಂಬ ಗಣಿ ಎಂಜಿನಿಯರನ ಹೆಸರು ಆಗ ಊರಿಗೆ ಬಂತು. ಆತ ಅಮೆರಿಕದವನಲ್ಲ, ಕೆನಡಾದವನು! ನೆರೆಯವರ ಋಣ ಹೀಗೆ ನಾಮಕರಣದಿಂದಲೇ ಮೊದಲಾಯಿತೆನ್ನಬಹುದು.

ಭವಿಷ್ಯ ಹೇಳಿದ್ದೇನೋ ಆಯಿತು. 2010ರ ಜನಗಣತಿಯಲ್ಲಿ ಈ ಊರಿನಲ್ಲಿದ್ದವರು 87 ಮಂದಿ. 2020ರ ಗಣತಿಯಲ್ಲಿ 48. ನಮ್ಮ ಸಂಘದ ಯುಗಾದಿ ಊಟದ ಒಂದು ಪಂಕ್ತಿಗೂ ಸಾಲದಷ್ಟು ಜನ.

ಗೆರೆ ಹೇಗೆ ಬಂತು

ಪೋರ್ಟ್‌ಲೆಂಡ್ ಕಾಲುವೆ ಎಂಬುದು ಹೆಸರಿಗೆ ಕಾಲುವೆ. ಮನುಷ್ಯರು ತೋಡಿದ್ದಲ್ಲ, ಎರಡು ಕಡೆಗೂ ಹಿಮದ ಬೆಟ್ಟಗಳು ನೆಟ್ಟಗೆ ನಿಂತಿರಲು ನಡುವೆ ಸಮುದ್ರವೇ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಒಳನುಗ್ಗಿ ಬಂದಿರುವ ನೀಳವಾದ ಕೊಲ್ಲಿ. 1825ರಲ್ಲಿ ರಷ್ಯ ಮತ್ತು ಬ್ರಿಟನ್ ಒಪ್ಪಂದ ಮಾಡಿಕೊಂಡಾಗ ಈ ಕೊಲ್ಲಿಯನ್ನೇ ಗಡಿಯೆಂದು ಬರೆದುಕೊಂಡರು. 1867ರಲ್ಲಿ ಅಮೆರಿಕವು 72 ಲಕ್ಷ ಡಾಲರ್ ಕೊಟ್ಟು ರಷ್ಯದಿಂದ ಅಲಾಸ್ಕವನ್ನು ಕೊಂಡಾಗ ಗಡಿಯ ತಕರಾರನ್ನೂ ಜೊತೆಗೇ ಕೊಂಡಂತಾಯಿತು. 1896ರಲ್ಲಿ ಅಮೆರಿಕದ ಸೈನ್ಯದ ಎಂಜಿನಿಯರ್ ಕ್ಯಾಪ್ಟನ್ ಗೆಯ್ಲಾರ್ಡ್ ಇಲ್ಲಿಗೆ ಬಂದು ನಾಲ್ಕು ಕಲ್ಲಿನ ಉಗ್ರಾಣಗಳನ್ನು ಕಟ್ಟಿಸಿದ. ಈತನೇ ಮುಂದೆ ಪನಾಮಾ ಕಾಲುವೆಯ ಅತಿ ಕಷ್ಟದ ಭಾಗವನ್ನು ಕಡಿಸಿದವನು. ನಾಲ್ಕನೆಯ ಉಗ್ರಾಣ ಹೈಡರಿನ ಗಡಿಯ ಬಳಿಯಲ್ಲೇ ನಿಂತಿದೆ. ಅದು ಒಂದು ಕಾಲದಲ್ಲಿ ಮೋಚಿಯ ಅಂಗಡಿಯಾಗಿತ್ತು, ಮತ್ತೊಂದು ಕಾಲದಲ್ಲಿ ಸೆರೆಮನೆಯಾಗಿತ್ತು.

ಕೊನೆಗೆ 1903ರಲ್ಲಿ ಆರು ಜನರ ನ್ಯಾಯಮಂಡಲಿ ಕುಳಿತು ತೀರ್ಪು ಕೊಟ್ಟಿತು. ಮೂವರು ಅಮೆರಿಕದವರು, ಇಬ್ಬರು ಕೆನಡಾದವರು, ಒಬ್ಬ ಇಂಗ್ಲೆಂಡಿನವನು. ಆ ಒಬ್ಬನು ಅಮೆರಿಕದ ಕಡೆಗೆ ವಾಲಿದ್ದರಿಂದ ಕೆನಡಾದವರು ಸಿಟ್ಟಾಗಿ ಸಹಿ ಹಾಕಲಿಲ್ಲ. ಆದರೆ ಗೆರೆ ನಿಂತಿತು. ಕೊಲ್ಲಿಯ ತಲೆಯಲ್ಲಿ ಪಶ್ಚಿಮದ ದಡದ ಹೈಡರ್ ಅಮೆರಿಕಕ್ಕೆ; ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದ ಸ್ಟುವರ್ಟ್ ಎಂಬ ಊರು ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತಕ್ಕೆ.

1956ರಲ್ಲಿ ನಮ್ಮ ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದಾಗ ಕಾಸರಗೋಡಿನವರಿಗೆ ಏನನ್ನಿಸಿತೆಂಬುದನ್ನು ಕೇಳಿ ಬಲ್ಲ ನಮಗೆ ಗೆರೆಯ ಸುಖದುಃಖ ಪೂರ್ತಿ ಹೊಸದಲ್ಲ.

ಬೆಳ್ಳಿ ಬಂಗಾರದ ಆಸೆಗೆ ಜನ ಬಂದರು. ಹೈಡರಿನಲ್ಲಿ ನೆಲ ಸಾಲದೆ ಸಮುದ್ರದ ಇಳಿತದ ಕೆಸರಿನ ಮೇಲೆ ಕಂಬ ನೆಟ್ಟು ಅಂಗಡಿಗಳನ್ನು ಕಟ್ಟಿದರು. 1928ರಲ್ಲಿ ಪೇಟೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಗಣಿಗಳೂ ಒಂದೊಂದಾಗಿ ಮುಚ್ಚಿದವು. ಗಡಿಯಾಚೆ ಕೆನಡಾದಲ್ಲಿದ್ದ ಗ್ರ್ಯಾಂಡಕ್ ತಾಮ್ರದ ಗಣಿ ಮಾತ್ರ 1984ರವರೆಗೆ ಉಸಿರಾಡುತ್ತಿತ್ತು. ಗಣಿಯವರು ಹೋದರು, ಊರನ್ನು ಬಿಡಲಾರದವರು ಉಳಿದರು.

ಸಂಸಾರವೆಲ್ಲ ನೆರೆಯಲ್ಲಿ

ಹೈಡರಿನಿಂದ ಅಲಾಸ್ಕದ ಬೇರೆ ಯಾವ ಊರಿಗೂ ರಸ್ತೆಯಿಲ್ಲ. ಹೊರಗೆ ಹೋಗುವುದಾದರೆ ಇರುವುದು ಒಂದೇ ಹಾದಿ, ಅದು ಸ್ಟುವರ್ಟಿನ ಮೂಲಕ. ಆದುದರಿಂದ ಇಲ್ಲಿಯ ಸಂಸಾರ ನಡೆಯುವ ರೀತಿಯೇ ಸ್ವಾರಸ್ಯ. ವಿದ್ಯುತ್ತು ಬರುವುದು ಕೆನಡಾದಿಂದ. ದೂರವಾಣಿಯ ಸಂಖ್ಯೆ ಆರಂಭವಾಗುವುದು ಬ್ರಿಟಿಷ್ ಕೊಲಂಬಿಯದ 250ರಿಂದ. ಕೊಡುಕೊಳ್ಳುವುದಕ್ಕೆ ಕೆನಡಾದ ಡಾಲರು ನಡೆಯುತ್ತದೆ. ದಿನಸಿಗೆ, ಪೆಟ್ರೋಲಿಗೆ, ವೈದ್ಯರಿಗೆ ಸ್ಟುವರ್ಟಿನ ಕಡೆಗೇ ನೋಡಬೇಕು. ಆ ಊರಾದರೂ ಮಹಾನಗರವೇನಲ್ಲ. 2021ರ ಗಣತಿಯಲ್ಲಿ ಅಲ್ಲಿದ್ದವರು 517 ಜನ. ಹೈಡರಿನ ಪಾಲಿಗೆ ಅದೇ ಪಟ್ಟಣ, ಅದೇ ಪೇಟೆ.

ಗಡಿಯಾರದ ಸಂಗತಿ ಇನ್ನೂ ವಿನೋದದ್ದು. ಕಾನೂನಿನ ಪ್ರಕಾರ ಅಲಾಸ್ಕದ ಕಾಲ ಸ್ಟುವರ್ಟಿಗಿಂತ ಒಂದು ಗಂಟೆ ಹಿಂದೆ. ಆದರೆ ಅಂಗಡಿ, ಆಸ್ಪತ್ರೆ, ಸ್ನೇಹಿತರು ಎಲ್ಲ ಆ ಕಡೆಗಿರುವಾಗ ಕಾನೂನಿನ ಗಂಟೆಯನ್ನು ಇಟ್ಟುಕೊಂಡು ಏನು ಮಾಡುವುದು? ಹೈಡರಿನವರು ಸದ್ದಿಲ್ಲದೆ ತಮ್ಮ ಗಡಿಯಾರಗಳನ್ನು ನೆರೆಯವರ ವೇಳೆಗೆ ತಿರುಗಿಸಿಕೊಂಡರು.

ಊರಿನಲ್ಲಿ ಒಂದೇ ಒಂದು ಕಟ್ಟಡ ಇದಕ್ಕೆ ಒಪ್ಪಿಲ್ಲ. ಅದು ಅಂಚೆ ಕಚೇರಿ. ಅಲ್ಲಿ ನಡೆಯುವುದು ಅಲಾಸ್ಕದ ವೇಳೆ. ಅಲ್ಲಿ ಸಲ್ಲುವುದು ಅಮೆರಿಕದ ನಾಣ್ಯ. ವಾರಕ್ಕೆರಡು ಬಾರಿ, ಹವೆ ಒಪ್ಪಿದರೆ, ಕೆಚಿಕಾನ್ ಎಂಬ ಊರಿನಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಟಪಾಲು ತರುತ್ತದೆ. ಬೀದಿಯಲ್ಲಿ ಹತ್ತು ಗಂಟೆಯಾಗಿರುವಾಗ ಅಂಚೆಯೊಳಗೆ ಒಂಬತ್ತು. ಬಾಗಿಲ ಹೊಸ್ತಿಲನ್ನು ದಾಟಿದರೆ ಸ್ವದೇಶ!

ಅಮೆರಿಕದ ಕಡೆಯಲ್ಲಿ ಸುಂಕದ ಕಟ್ಟೆಯೇ ಇಲ್ಲ. ಹೈಡರಿಗೆ ಬರುವವರನ್ನು ಯಾರೂ ತಡೆದು ಕೇಳುವುದಿಲ್ಲ. ಹಿಂದಿರುಗುವಾಗ ಕೆನಡಾದ ಅಧಿಕಾರಿ ಮಾತ್ರ ರಹದಾರಿ ನೋಡುತ್ತಾನೆ. ಸ್ಟುವರ್ಟಿನಿಂದ ಹೊರಟ ರಸ್ತೆ ಹೈಡರನ್ನು ಹಾದು, ಬೆಟ್ಟ ಹತ್ತಿ, ಮತ್ತೆ ಕೆನಡಾದೊಳಕ್ಕೇ ಹೋಗುತ್ತದೆ. ಸಾಲ್ಮನ್ ಹಿಮನದಿ, ಹಳೆಯ ಗಣಿಗಳು ಇರುವುದು ಅಲ್ಲಿ. ಹೀಗಾಗಿ ಕೆನಡಾದವನು ತನ್ನ ದೇಶದಿಂದ ತನ್ನ ದೇಶಕ್ಕೇ ಹೋಗಲು ನಡುವೆ ಪರದೇಶವನ್ನು ಹಾಯಬೇಕು. ಆ ಹಾದಿಯ ಮೀನಿನ ಹಳ್ಳಕ್ಕೆ ಜುಲೈಯಿಂದ ಸೆಪ್ಟೆಂಬರಿನವರೆಗೆ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಬರುತ್ತವೆ. ಅವನ್ನು ಹಿಡಿಯಲು ಕರಡಿಗಳು ಬರುತ್ತವೆ. ಕರಡಿಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ಮೂವರಲ್ಲಿ ರಹದಾರಿ ಬೇಕಾದದ್ದು ಕೊನೆಯವರಿಗೆ ಮಾತ್ರ.

ಜುಲೈ 1 ಕೆನಡಾದ ರಾಷ್ಟ್ರದಿನ, ಜುಲೈ 4 ಅಮೆರಿಕದ್ದು. ಎರಡು ಊರಿನವರೂ ಸೇರಿ ಎರಡನ್ನೂ ಒಂದೇ ಹಬ್ಬವಾಗಿ ಆಚರಿಸುತ್ತ ಬಂದಿದ್ದಾರೆ. ಹೈಡರಿನ ಮದ್ಯದಂಗಡಿಯೊಂದರ ಗೋಡೆಗಳ ತುಂಬ ನೋಟುಗಳನ್ನು ಅಂಟಿಸಿದ್ದಾರೆ. ಗಣಿಗೆ ಹೊರಟವನು ನೋಟಿನ ಮೇಲೆ ಹೆಸರು ಬರೆದು ಗೋಡೆಗೆ ಸಿಕ್ಕಿಸಿ ಹೋಗುತ್ತಿದ್ದನಂತೆ. ಬರಿಗೈಯಲ್ಲಿ ಹಿಂದಿರುಗಿದರೂ ಒಂದು ಲೋಟಕ್ಕೆ ಕಾಸಿರಲೆಂದು. ಕುಡಿತವನ್ನು ನಾವು ಹೊಗಳುತ್ತಿಲ್ಲ. ಯಾರೂ ಅದನ್ನು ಕೀಳಲಾರರೆಂಬ ನಂಬಿಕೆಯನ್ನು ಮೆಚ್ಚುತ್ತೇವೆ.

ಗೆರೆ ಗೋಡೆಯಾದಾಗ

ಇಂತಹ ಊರಿನಲ್ಲಿ ಗಡಿ ಎಂಬುದು ಇದ್ದೂ ಇಲ್ಲದಂತಿತ್ತು. 2015ರ ಏಪ್ರಿಲಿನಲ್ಲಿ ಕೆನಡಾದ ಅಧಿಕಾರಿಗಳು ಖರ್ಚು ಉಳಿಸಲು ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಎಂಟರವರೆಗೆ ಗೇಟು ಮುಚ್ಚತೊಡಗಿದರು. ನಡುರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಗತಿಯೇನು? ಮನೆಗೆ ಬೆಂಕಿ ಬಿದ್ದರೆ? ಎಂದು ಜನ ಕೇಳಿದರು. ಅಲಾಸ್ಕದ ರಾಜ್ಯಪಾಲರವರೆಗೂ ದೂರು ಹೋಯಿತು. ಕೊನೆಗೆ ಗೇಟು ತೆರೆಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದುದು 2020ರಲ್ಲಿ. ಕೊರೋನಾ ಹರಡಿದಾಗ ಮಾರ್ಚ್ 21ರಂದು ಎರಡು ದೇಶಗಳ ನಡುವಣ ಗಡಿಯನ್ನು ಉದ್ದಕ್ಕೂ ಮುಚ್ಚಿದರು. ಅಗತ್ಯದ ಕೆಲಸಕ್ಕಲ್ಲದೆ ಯಾರೂ ದಾಟಕೂಡದು ಎಂದಾಯಿತು. ಸಾವಿರಾರು ಮೈಲಿ ಗಡಿಗೆಲ್ಲ ಒಂದೇ ನಿಯಮ ಬರೆದವರಿಗೆ ಈ ಊರು ಕಣ್ಣಿಗೆ ಬೀಳುವುದಾದರೂ ಹೇಗೆ? ಅಂಗಡಿಗೆ ಹೋಗುವುದು ಅಗತ್ಯವೆನ್ನಬಹುದು. ಸಂಜೆ ಸ್ನೇಹಿತರ ಮನೆಗೆ ಹೋಗಿ ಕೂತು ಬರುವುದು? ಮಗು ಜೊತೆಯ ಮಗುವಿನೊಡನೆ ಆಡುವುದು? ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ನಲವತ್ತೆಂಟು ಜನರ ಊರಿಗೆ ನೆರೆಮನೆಯೇ ವಿದೇಶವಾಯಿತು.

ಎರಡೂ ಊರಿನವರು ಜೊತೆಗೂಡಿ ಸರ್ಕಾರಗಳಿಗೆ ಬರೆದರು. ನಮ್ಮನ್ನು ಎರಡು ದೇಶವೆಂದು ನೋಡಬೇಡಿರಿ, ಒಂದು ಊರೆಂದು ನೋಡಿರಿ ಎಂಬುದು ಅವರ ಬೇಡಿಕೆಯ ಸಾರ. ಏಳು ತಿಂಗಳು ಕಳೆದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಆಹಾರ ಮತ್ತು ಔಷಧೋಪಚಾರದಂಥ ಅಗತ್ಯಗಳಿಗೆ ಬರುವ ಹೈಡರಿನವರು ಹದಿನಾಲ್ಕು ದಿನ ಪ್ರತ್ಯೇಕವಾಗಿರಬೇಕಿಲ್ಲವೆಂದು ಕೆನಡಾ ಸರ್ಕಾರ ವಿನಾಯಿತಿ ಕೊಟ್ಟಿತು. ಲಸಿಕೆ ಹಾಕಿಸಿಕೊಂಡ ಅಮೆರಿಕನರಿಗೆಲ್ಲ ಕೆನಡಾದ ಬಾಗಿಲು ತೆರೆದದ್ದು 2021ರ ಆಗಸ್ಟ್ 9ರಂದು.

ಈ ಕಥೆಯನ್ನು ನಮ್ಮ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಮಾಟುಂಗದಲ್ಲಿಯೋ ಮದರಾಸಿನಲ್ಲಿಯೋ ಮನೆಮಾಡಿರುವ ನಾವೂ ಹಾಲಿಗೆ, ಶಾಲೆಗೆ, ಆಸ್ಪತ್ರೆಗೆ ನೆರೆಯವರ ಮಾತಿನಲ್ಲಿ ವ್ಯವಹರಿಸುತ್ತೇವೆ. ಅವರ ಹಬ್ಬಕ್ಕೆ ನಮ್ಮ ಗಡಿಯಾರವನ್ನು ತಿರುಗಿಸಿಕೊಳ್ಳುತ್ತೇವೆ. ಅದರಿಂದ ನಾವು ಕಡಮೆಯಾದೆವೆಂದು ಅನ್ನಿಸಿಲ್ಲ. ಮನೆಯೊಳಗೆ ಎಲ್ಲೋ ಒಂದು ಮೂಲೆ ಮಾತ್ರ ಹೈಡರಿನ ಅಂಚೆ ಕಚೇರಿಯಂತೆ ಊರಿನ ವೇಳೆಯನ್ನೇ ತೋರಿಸುತ್ತಿರುತ್ತದೆ. ಅದು ಅಡಿಗೆಮನೆಯಿರಬಹುದು, ಅಜ್ಜಿಯ ಕೋಣೆಯಿರಬಹುದು, ಮೂರು ತಿಂಗಳಿಗೊಮ್ಮೆ ಬರುವ ಈ ಪತ್ರಿಕೆಯೂ ಇರಬಹುದು.

ಆ ಗಡಿಯಾರಕ್ಕೆ ಕೀಲಿ ಕೊಡುತ್ತಿರೋಣ. ನೆರೆಯವರ ಬಾಗಿಲೂ ತೆರೆದಿರಲಿ.