ಅನ್ಯ ಜನಾಂಗದ ಮುಖ ಮತ್ತು ಸಾಕ್ಷಿಯ ನೆನಪು

ತಾನು ಹುಟ್ಟಿ ಬೆಳೆದ ಜನಾಂಗದ ಮುಖಗಳನ್ನು ಸುಲಭವಾಗಿ ಗುರುತಿಸುವ ಮನುಷ್ಯನು ಬೇರೆ ಜನಾಂಗದ ಮುಖಗಳ ಮುಂದೆ ತಡವರಿಸುತ್ತಾನೆ. ಮನೋವಿಜ್ಞಾನಿಗಳು ಈ ತೊಡಕನ್ನು ಅನ್ಯಜನಾಂಗ ಪರಿಣಾಮ ಎನ್ನುತ್ತಾರೆ. 1969ರಲ್ಲಿ ಅಮೆರಿಕದ ರಾಯ್ ಮಾಲ್ಪಾಸ್ ಮತ್ತು ಜೆರೋಮ್ ಕ್ರಾವಿಟ್ಜ್ ಅವರು ಬಿಳಿಯ ಹಾಗೂ ಕಪ್ಪು ವಿದ್ಯಾರ್ಥಿಗಳಿಗೆ ಎರಡೂ ಜನಾಂಗಗಳ ಭಾವಚಿತ್ರಗಳನ್ನು ತೋರಿಸಿ ಅವರ ನೆನಪನ್ನು ಪರೀಕ್ಷಿಸಿದ ಮೇಲೆ ಈ ವಿಷಯದ ಅಧ್ಯಯನಗಳು ಒಂದರ ಹಿಂದೊಂದು ಬಂದವು. ಸುಮಾರು 5,000 ಜನರು ಪಾಲ್ಗೊಂಡಿದ್ದ ಅಂಥ ಅಧ್ಯಯನಗಳನ್ನು 2001ರಲ್ಲಿ ಒಟ್ಟುಗೂಡಿಸಿ ನೋಡಿದ ಕ್ರಿಶ್ಚಿಯನ್ ಮೈಸ್ನರ್ ಮತ್ತು ಜಾನ್ ಬ್ರಿಗಮ್ ಅವರಿಗೆ, ಹಿಂದೆಂದೂ ನೋಡದ ಮುಖವನ್ನು ನೋಡಿದ್ದೇನೆಂದು ತಪ್ಪಾಗಿ ಹೇಳುವ ಸಂಭವವು ಅನ್ಯ ಜನಾಂಗದ ಮುಖಗಳ ವಿಷಯದಲ್ಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೆಂದು ಕಂಡಿತು. ಜನಾಂಗದ್ವೇಷ ಉಳ್ಳವರಲ್ಲಿ ಮಾತ್ರ ಈ ದೋಷವಿರಬಹುದೆಂಬ ಊಹೆಗೆ ಆ ಅಧ್ಯಯನಗಳಲ್ಲಿ ಆಧಾರ ಸಿಗಲಿಲ್ಲ.

ಮಿದುಳು ಪರಿಚಿತ ಬಗೆಯ ಮುಖವನ್ನು ಕಣ್ಣು, ಮೂಗು, ತುಟಿಗಳಾಗಿ ಬಿಡಿಸಿ ನೋಡದೆ, ಅವುಗಳ ನಡುವಿನ ಸೂಕ್ಷ್ಮ ಅಂತರಗಳ ಸಹಿತ ಇಡಿಯಾಗಿ ಗ್ರಹಿಸುತ್ತದೆ. ಅನ್ಯ ಜನಾಂಗದ ಮುಖದಲ್ಲಿ ಈ ಸಮಗ್ರ ಗ್ರಹಿಕೆ ದುರ್ಬಲವಾಗುವುದರಿಂದ, ನೋಡುವವರ ಗಮನಕ್ಕೆ ಮೊದಲು ಬರುವುದು ಮೈಬಣ್ಣದಂಥ ಸಾಮಾನ್ಯ ಲಕ್ಷಣವೇ ಹೊರತು ಆ ವ್ಯಕ್ತಿಯ ವಿಶಿಷ್ಟ ಚಹರೆಯಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ನಾಗಾ, ಮಿಜೊ, ಖಾಸಿ, ಮಣಿಪುರಿ ಜನರನ್ನು ಒಂದೇ ಗುಂಪಿಗೆ ಸೇರಿಸಿಬಿಡುವ ನೋಟದ ಹಿಂದೆಯೂ ಇದರ ಪಾಲಿದೆ, ಆದರೆ ಅದರಿಂದ ಹುಟ್ಟುವ ಅವಮಾನಕ್ಕೆ ಮಿದುಳನ್ನು ನೆಪಮಾಡಿಕೊಳ್ಳುವುದು ಸಲ್ಲದು.

ಈ ಮಿತಿ ಹುಟ್ಟಿನಿಂದ ಬರುವುದಲ್ಲ. ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬ್ರಿಟನ್ನಿನ ಮೂರು ತಿಂಗಳ ಬಿಳಿಯ ಶಿಶುಗಳು ಆಫ್ರಿಕನ್ ಮತ್ತು ಚೀನೀ ಮುಖಗಳಲ್ಲಿಯೂ ಒಂದರಿಂದ ಇನ್ನೊಂದನ್ನು ಬೇರೆಯಾಗಿ ಗುರುತಿಸಿದವು. ಒಂಬತ್ತು ತಿಂಗಳ ಶಿಶುಗಳಲ್ಲಿ ಆ ಶಕ್ತಿ ಸ್ವಜನಾಂಗದ ಮುಖಗಳಿಗಷ್ಟೇ ಸೀಮಿತವಾಗಿತ್ತು. ಹಾಗೆಂದು ಬಾಗಿಲು ಅಲ್ಲಿಗೇ ಮುಚ್ಚಿಹೋಗುವುದಿಲ್ಲ ಎಂಬುದಕ್ಕೆ 2005ರ ಒಂದು ಅಧ್ಯಯನ ಸಾಕ್ಷಿಯಾಗಿದೆ: ಮೂರರಿಂದ ಒಂಬತ್ತು ವರ್ಷದೊಳಗೆ ಯುರೋಪಿನ ಕುಟುಂಬಗಳಿಗೆ ದತ್ತುಹೋಗಿ ಫ್ರಾನ್ಸಿನಲ್ಲಿ ಬೆಳೆದ ಕೊರಿಯನ್ನರು, ಪ್ರೌಢರಾದ ಮೇಲೆ ಏಷ್ಯನ್ ಮುಖಗಳಿಗಿಂತ ಬಿಳಿಯರ ಮುಖಗಳನ್ನೇ ಚೆನ್ನಾಗಿ ಗುರುತಿಸಿದರು. ರಕ್ತಕ್ಕಿಂತ ಒಡನಾಟವೇ ಇಲ್ಲಿ ಬಲವಾದುದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಅಪರೂಪ. ಮುಖ ಗುರುತಿಸುವ ಕಂಪ್ಯೂಟರ್ ತಂತ್ರಾಂಶಗಳನ್ನು 2019ರಲ್ಲಿ ಪರೀಕ್ಷಿಸಿದ ಅಮೆರಿಕದ ಮಾನಕ ಸಂಸ್ಥೆಯೂ, ಹಲವು ತಂತ್ರಾಂಶಗಳು ಏಷ್ಯನ್ನರ ಮುಖಗಳಲ್ಲಿ ಹೆಚ್ಚು ಎಡವಿದರೂ ಏಷ್ಯಾದ ದೇಶಗಳಲ್ಲಿ ರೂಪುಗೊಂಡ ಕೆಲವು ಹಾಗೆ ಎಡವಲಿಲ್ಲವೆಂದು ವರದಿ ಮಾಡಿತು.

ಪ್ರಯೋಗಾಲಯದಲ್ಲಿ ಅಂಕಿಯಾಗಿ ಉಳಿಯುವ ಈ ತಪ್ಪು ನ್ಯಾಯಾಲಯದಲ್ಲಿ ಒಬ್ಬನ ಆಯುಷ್ಯವನ್ನೇ ಕಸಿಯಬಲ್ಲದು. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ ಬಿಳಿಯ ವಿದ್ಯಾರ್ಥಿನಿಯೊಬ್ಬರು, ಆ ಭಯದಲ್ಲಿಯೂ ಅಪರಾಧಿಯ ಮುಖವನ್ನು ಪ್ರಯತ್ನಪೂರ್ವಕವಾಗಿ ಗಮನಿಸಿದ್ದರು. ಆದರೆ ಚಿತ್ರಗಳಲ್ಲಿಯೂ ನಂತರ ಸಾಲಾಗಿ ನಿಲ್ಲಿಸಿದವರಲ್ಲಿಯೂ ಅವರು ಗುರುತಿಸಿದ್ದು ನಿರಪರಾಧಿಯಾದ ರೊನಾಲ್ಡ್ ಕಾಟನ್ ಎಂಬ ಕಪ್ಪು ಯುವಕನನ್ನು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದು ನಿಲ್ಲಿಸಿದಾಗ, ಆತನನ್ನು ತಾವು ನೋಡಿಯೇ ಇಲ್ಲವೆಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದರು. ಸಾಕ್ಷಿ ನುಡಿದವರಲ್ಲಿ ಸುಳ್ಳಾಗಲಿ ಅಸಡ್ಡೆಯಾಗಲಿ ಇರಲಿಲ್ಲ. ಆದ್ದರಿಂದಲೇ ಸಾಕ್ಷಿಯ ಆತ್ಮವಿಶ್ವಾಸವನ್ನು ಸತ್ಯದ ಅಳತೆಯಾಗಿ ಸ್ವೀಕರಿಸುವುದು ಅಪಾಯಕರ. ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವು 2017ರಲ್ಲಿ, ಅಪರಾಧಿ ಯಾರೆಂಬುದೇ ವಿವಾದವಾಗಿದ್ದು ಸಾಕ್ಷಿ ಮತ್ತು ಆರೋಪಿ ಬೇರೆ ಬೇರೆ ಜನಾಂಗದವರಾಗಿ ತೋರುವಾಗ, ಇಂಥ ಗುರುತಿಸುವಿಕೆಯಲ್ಲಿ ತಪ್ಪಿನ ಸಂಭವ ಹೆಚ್ಚೆಂದು ಕೋರಿಕೆಯ ಮೇರೆಗೆ ಜ್ಯೂರಿಗೆ, ಎಂದರೆ ತೀರ್ಪು ನೀಡುವ ನಾಗರಿಕರ ಮಂಡಳಿಗೆ, ನ್ಯಾಯಾಧೀಶರು ತಿಳಿಸಲೇಬೇಕೆಂದು ವಿಧಿಸಿತು.