ಹಳೆಯ ಕಾರಿಗೆ ಹೊಸ ಎಂಜಿನ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮನೆಯ ಹಿಂದಿನ ಷೆಡ್ಡಿನಲ್ಲೋ ಹೊಂಗೆಮರದ ನೆರಳಿನಲ್ಲೋ ಹಳೆಯ ಅಂಬಾಸಡರ್ ಕಾರೊಂದು ನಿಂತಿದೆ ಎಂದುಕೊಳ್ಳಿ. ತಾತ ಕೊಂಡದ್ದು, ಅಪ್ಪ ಓಡಿಸಿದ್ದು, ಈಗ ನಿಮ್ಮ ಪಾಲಿಗೆ ಬಂದಿದೆ. ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಏರು ಬಂದೊಡನೆ ಏದುಸಿರು ಬಿಡುತ್ತದೆ. ನೋಡಿದವರೆಲ್ಲ ಕೊಡುವ ಸಲಹೆ ಒಂದೇ: "ಈ ಎಂಜಿನ್ ತೆಗೆದುಹಾಕಿ, ದೊಡ್ಡದೊಂದನ್ನು ಕೂರಿಸಿಬಿಡಿ." ನಿಮ್ಮ ಕೈಯಲ್ಲಿರುವ ಹಣವೋ ಅಷ್ಟಕ್ಕಷ್ಟೆ. ಆ ಹಣವನ್ನು ಎಲ್ಲಿ ಸುರಿದರೆ ಕಾರು ನಿಜಕ್ಕೂ ಚೇತರಿಸಿಕೊಳ್ಳುತ್ತದೆ? ಪಿಯುಸಿಯ ಭೌತಶಾಸ್ತ್ರ ಇಲ್ಲಿ ಬಹಳ ಉಪಕಾರಿ.

ಮೊದಲು ಕಾರಿನ ಪರಿಚಯ. ಅಂಬಾಸಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಅದರ ಆಯುಷ್ಯದ ಬಹುಭಾಗ ಅದನ್ನು ಎಳೆದದ್ದು 1489 ಘನ ಸೆಂಟಿಮೀಟರಿನ, ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್' ಎಂಬ ಕುಟುಂಬಕ್ಕೆ ಸೇರಿದ್ದು ಇದು. ಈ 1489 ಎಂಬ ಅಂಕಿಯನ್ನು ನೀವೇ ಪಡೆಯಬಹುದು. ಸಿಲಿಂಡರಿನ ವ್ಯಾಸ 73.025 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 88.9 ಮಿಲಿಮೀಟರ್, ಸಿಲಿಂಡರುಗಳು ನಾಲ್ಕು. ಗುಣಿಸಿ ನೋಡಿ.

ಇನ್ನು ಮೊದಲ ಪ್ರಶ್ನೆ: ಕಾರಿಗೆ ಏನು ಕಡಿಮೆಯಾಗಿದೆ? ವೇಗವೋ, ಏರು ಹತ್ತುವ ಬಲವೋ? ಎರಡರ ಲೆಕ್ಕವೂ ಬೇರೆ ಬೇರೆ.

ಏರನ್ನು ತೆಗೆದುಕೊಳ್ಳಿ. ನಾಲ್ಕು ಜನ, ಸಾಮಾನು ಎಲ್ಲ ಸೇರಿ ಕಾರಿನ ತೂಕ 1500 ಕಿಲೋಗ್ರಾಂ. 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಘಾಟಿ ರಸ್ತೆ. ವೇಗ ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್. ತೂಕವನ್ನು ಮೇಲೆತ್ತಲು ಬೇಕಾದ ಶಕ್ತಿ 1500 × 9.8 × 10 ÷ 12, ಅಂದರೆ 12,250 ವಾಟ್. ಅಶ್ವಶಕ್ತಿಯಲ್ಲಿ ಹೇಳಿದರೆ 16ಕ್ಕೆ ಸ್ವಲ್ಪ ಹೆಚ್ಚು. ಟೈರಿನ ಘರ್ಷಣೆ, ಗಾಳಿಯ ತಡೆ, ಗೇರುಗಳಲ್ಲಿ ಆಗುವ ನಷ್ಟ ಎಲ್ಲವನ್ನೂ ಸೇರಿಸಿದರೆ 25ರ ಆಸುಪಾಸು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಈ ಗತಿಯಲ್ಲಿ ಹತ್ತಲು 50 ಅಶ್ವಶಕ್ತಿ ಧಾರಾಳವಾಗಿ ಸಾಕಾಗಬೇಕಿತ್ತು. ಸಾಲುತ್ತಿಲ್ಲವೆಂದರೆ ಆ 50 ಈಗ 50 ಆಗಿ ಉಳಿದಿಲ್ಲ ಎಂದೇ ಅರ್ಥ.

ವೇಗದ ಲೆಕ್ಕ ಇನ್ನಷ್ಟು ನಿರಾಶೆ ತರುತ್ತದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 50ರ ಬದಲು 75 ಅಶ್ವಶಕ್ತಿಯ ಎಂಜಿನ್ ಹಾಕಿದಿರಿ ಎನ್ನಿ. ಶಕ್ತಿ ಒಂದೂವರೆ ಪಟ್ಟಾಯಿತು, ಆದರೆ ಗರಿಷ್ಠ ವೇಗ 100 ಇದ್ದದ್ದು 150 ಆಗುವುದಿಲ್ಲ, 115ರ ಸುತ್ತಮುತ್ತ ನಿಲ್ಲುತ್ತದೆ. 1.5ರ ಘನಮೂಲ ಅಷ್ಟೇ!

ಹಾಗಾದರೆ ಇದ್ದ ಶಕ್ತಿ ಎಲ್ಲಿ ಸೋರಿಹೋಯಿತು? ಇದನ್ನು ಪತ್ತೆಮಾಡುವ ಉಪಕರಣ ಸಾಮಾನ್ಯವಾದ ಒತ್ತಡಮಾಪಕ, ಅಂದರೆ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿಯಾಗಿರುವಾಗ ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿ, ಕಿಡಿಯ ತಂತಿಯನ್ನು ಕಳಚಿ, ಒಂದೊಂದು ರಂಧ್ರಕ್ಕೂ ಗೇಜನ್ನು ಸೇರಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ನಾಲ್ಕು ಅಂಕಿಗಳೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಒಂದು ಸಿಲಿಂಡರ್ ಹಿಂದೆ ಬಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆಯಿರಿ. ಒತ್ತಡ ಮೇಲೇರಿದರೆ ಪಿಸ್ಟನ್ ರಿಂಗುಗಳು ಸವೆದಿವೆ, ಏಕೆಂದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ಏರದಿದ್ದರೆ ಸೋರಿಕೆ ವಾಲ್ವಿನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಅರ್ಧ ಗಂಟೆಯ ಈ ಕೆಲಸವನ್ನು ಮಾಡದೆ ಎಂಜಿನ್ ಬದಲಿಸಲು ಹೊರಡುವುದು, ಜ್ವರ ಅಳೆಯದೆ ಆಪರೇಷನ್ನಿಗೆ ದಿನ ಗೊತ್ತುಮಾಡಿದಂತೆ.

ಸಣ್ಣಪುಟ್ಟ ಕಳ್ಳರೂ ಇದ್ದಾರೆ. ಕಿಡಿ ಹಾರುವ ಸಮಯ ಹಿಂದೆ ಸರಿದಿರಬಹುದು, ಪಾಯಿಂಟುಗಳ ಅಂತರ ತಪ್ಪಿರಬಹುದು, ಕಾರ್ಬ್ಯುರೇಟರಿನ ಸೂಜಿ ಸವೆದಿರಬಹುದು. ಕಾರು ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಪದ್ಧತಿ ನಮ್ಮ ಅನೇಕ ಗ್ಯಾರೇಜುಗಳಲ್ಲಿದೆ. ಕಾಯುವುದಕ್ಕೆ ಕಾರಣ ಸಾಮಾನ್ಯವಾಗಿ ಕಟ್ಟಿಕೊಂಡ ರೇಡಿಯೇಟರ್. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಉಷ್ಣತೆಗೆ ಬರಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತೂ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಇರುವ ಎಂಜಿನ್ನನ್ನೇ ಚುರುಕುಗೊಳಿಸುವ ದಾರಿಯಿಲ್ಲವೇ? ಇದೆ, ಅದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯುಂಟು. 1955ರಲ್ಲಿ ಇಂಗ್ಲೆಂಡಿನ ಎಂಜಿ ಕಂಪನಿ 'ಎಂಜಿಎ' ಎಂಬ ಎರಡು ಸೀಟಿನ ಕಾರನ್ನು ಹೊರತಂದಿತು. ಅದರಲ್ಲಿದ್ದದ್ದು ಇದೇ 1489 ಘನ ಸೆಂಟಿಮೀಟರಿನ ಬಿ ಸೀರೀಸ್ ಎಂಜಿನ್. ಅಲ್ಲಿ ಅದು ಮೊದಲು 68, ಬಳಿಕ 72 ಅಶ್ವಶಕ್ತಿ ಕೊಟ್ಟಿತು. ಒಂದರ ಬದಲು ಎರಡು ಕಾರ್ಬ್ಯುರೇಟರ್, ಹೆಚ್ಚಿನ ಸಂಪೀಡನ ಅನುಪಾತ, ವಾಲ್ವುಗಳನ್ನು ಬೇರೆ ಬಗೆಯಲ್ಲಿ ತೆರೆಯುವ ಕ್ಯಾಮ್‌ಶಾಫ್ಟ್: ವ್ಯತ್ಯಾಸ ಇಷ್ಟೇ. ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಶಕ್ತಿ ಎಂದರೆ ತಿರುಚುಬಲ ಮತ್ತು ತಿರುಗುವ ವೇಗಗಳ ಗುಣಲಬ್ಧ. ಎಂಜಿಎ ಗಳಿಸಿದ ಹೆಚ್ಚುವರಿ ಶಕ್ತಿ ಬಹುಪಾಲು ಎಂಜಿನ್ ನಿಮಿಷಕ್ಕೆ 5,500 ಸುತ್ತುಗಳವರೆಗೆ ತಿರುಗಿದ್ದರಿಂದ ಬಂದದ್ದು. ತಿರುಚುಬಲ ಅಷ್ಟೇನೂ ಹೆಚ್ಚಲಿಲ್ಲ. ಹಗುರವಾದ ಆಟದ ಕಾರಿಗೆ ಅದು ಸೊಗಸು. ತುಂಬಿದ ಅಂಬಾಸಡರ್ ಘಾಟಿಯಲ್ಲಿ 2,000 ಸುತ್ತಿನಲ್ಲಿ ಏಗುತ್ತಿರುವಾಗ ಅದರಿಂದ ಪ್ರಯೋಜನ ಕಡಿಮೆ. ಅದೂ ಅಲ್ಲದೆ ಈ ಎಂಜಿನ್ನಿನ ಹೆಡ್ಡಿನಲ್ಲಿ ಎರಡೆರಡು ಸಿಲಿಂಡರುಗಳು ಒಂದೇ ಒಳದ್ವಾರವನ್ನು ಹಂಚಿಕೊಳ್ಳುತ್ತವೆ. ಉಸಿರಾಟಕ್ಕೆ ಅದೇ ಒಂದು ಮಿತಿ.

ಬೋರ್ ಮಾಡಿಸಿದರೆ ಶಕ್ತಿ ಏರುತ್ತದೆ ಎಂಬ ನಂಬಿಕೆಯನ್ನೂ ಅಳೆದು ನೋಡೋಣ. ಮೆಕ್ಯಾನಿಕ್ ಭಾಷೆಯಲ್ಲಿ 'ನಲವತ್ತು ತೌ', ಅಂದರೆ ಸುಮಾರು ಒಂದು ಮಿಲಿಮೀಟರ್ ವ್ಯಾಸ ಹೆಚ್ಚಿಸಿದರೆ 1489 ಇದ್ದದ್ದು 1531ರ ಹತ್ತಿರ ಆಗುತ್ತದೆ. ಶೇಕಡಾ 3 ಕೂಡ ಇಲ್ಲ! ಬೋರ್ ಮಾಡಿಸುವುದು ಸವೆತಕ್ಕೆ ಮದ್ದು, ಬಲವರ್ಧಕವಲ್ಲ. ಆದರೂ ಕಂಪ್ರೆಷನ್ ಸೋರುವ ಎಂಜಿನ್ನಿಗೆ ಅದು ಬೇಕೇ ಬೇಕು, ಕಳೆದುಹೋದದ್ದು ಮರಳುವುದು ಅದರಿಂದಲೇ.

ಹೆಡ್ ಬಿಚ್ಚಿದಾಗ ಮರೆಯಬಾರದ ಇನ್ನೊಂದು ಕೆಲಸವಿದೆ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವ್ ಕೂರುವ ಕಬ್ಬಿಣದ ಅಂಚನ್ನು ಕಾಪಾಡುತ್ತಿತ್ತು. ನಮ್ಮ ದೇಶದಲ್ಲಿ 2000ನೇ ಇಸವಿಯ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ದೊರೆಯುತ್ತಿದೆ. ಆದ್ದರಿಂದ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು ಒಳ್ಳೆಯದು. ಈಗ ಬರುವ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆದುಗೊಳಿಸಿ ಬಿರುಕುಬಿಡಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಇವೆಲ್ಲ ಎಥೆನಾಲ್ ತಾಳುವಂಥವೇ ಆಗಿರಲಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ತಮಾಷೆಯ ಮಾತಲ್ಲ.

ಇಷ್ಟಾದ ಮೇಲೂ ನಿಮಗೆ ದೊಡ್ಡ ಎಂಜಿನ್ನೇ ಬೇಕೆನ್ನಿಸಿದರೆ, ಕಾರ್ಖಾನೆಯೇ ತುಳಿದ ದಾರಿಯೊಂದಿದೆ. 1990ರ ದಶಕದ ಆರಂಭದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅಂಬಾಸಡರಿಗೆ ಜಪಾನಿನ ಇಸುಝು ವಿನ್ಯಾಸದ 1817 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ ಹಾಕಿತು. ಶಕ್ತಿ ಸುಮಾರು 75. ಅದಕ್ಕೆ ಮೊದಲೇ ಕಾಂಟೆಸ್ಸಾದಲ್ಲಿ ಇದೇ ಪಾಠವನ್ನು ಕಂಪನಿ ಕಲಿತಿತ್ತು. ಆ ದೊಡ್ಡ ಕಾರಿಗೆ ಮೊದಲು ಕೊಟ್ಟದ್ದು ಅದೇ 1489ರ ಎಂಜಿನ್, ನಂತರ ಇಸುಝು. ಆದರೆ ಎಂಜಿನ್ ಒಂಟಿಯಾಗಿ ಬರಲಿಲ್ಲ, ಐದು ಗೇರಿನ ಪೆಟ್ಟಿಗೆಯೂ ಜೊತೆಗೆ ಬಂತು. ಹಣದ ಲೆಕ್ಕ ತಪ್ಪುವುದು ಇಲ್ಲಿಯೇ. ಗುಜರಿಯಲ್ಲಿ ಎಂಜಿನ್ ಅಗ್ಗವಾಗಿ ಸಿಗಬಹುದು. ಅದನ್ನು ಹಿಡಿದಿಡುವ ಮೌಂಟಿಂಗ್, ಹೊಂದುವ ಗೇರ್‌ಬಾಕ್ಸ್ ಮತ್ತು ಕ್ಲಚ್, ಉದ್ದ ಬದಲಾದ ಪ್ರೊಪೆಲ್ಲರ್ ಶಾಫ್ಟ್, ದೊಡ್ಡ ರೇಡಿಯೇಟರ್, ಸೈಲೆನ್ಸರ್ ಪೈಪು, ವೈರಿಂಗ್, ಇವೆಲ್ಲಕ್ಕೂ ಕಾಸು ಬೇಕು. ನನ್ನ ಅಂದಾಜಿನಲ್ಲಿ ಎಂಜಿನ್ನಿಗೆ ಕೊಟ್ಟಷ್ಟನ್ನೇ ಇವುಗಳಿಗೂ ತೆಗೆದಿಡದವರು ಈ ಕೆಲಸಕ್ಕೆ ಕೈಹಾಕಬಾರದು. ಅರ್ಧಕ್ಕೆ ನಿಂತ ಕಾರು ಮತ್ತೆ ಹೊಂಗೆಮರದ ಕೆಳಗೇ ಸೇರುತ್ತದೆ, ಈ ಸಲ ಎಂಜಿನ್ ಇಲ್ಲದೆ. ಕೊಳ್ಳುವುದೇ ಆದರೆ ಇಡೀ ಇಸುಝು ಅಂಬಾಸಡರನ್ನು ನೋಡಿ, ಓಡಿಸಿ, ಎಂಜಿನ್ನು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಕೊಳ್ಳಿ. ಬ್ಯಾಟರಿ ಮೋಟಾರು ಕೂರಿಸುವ ವಿಷಯ ಇನ್ನೊಂದು ಕಾರ್ಯಕ್ರಮಕ್ಕಿರಲಿ. ಸಣ್ಣ ಜೇಬಿಗೆ ಅದು ಒಗ್ಗುವುದಿಲ್ಲ.

ಬ್ರೇಕಿನ ಮಾತನ್ನು ಬೇಕೆಂದೇ ಪ್ರತ್ಯೇಕವಾಗಿ ಹೇಳುತ್ತಿದ್ದೇನೆ. ಹಳೆಯ ಅಂಬಾಸಡರಿಗೆ ನಾಲ್ಕು ಚಕ್ರಗಳಲ್ಲೂ ಡ್ರಮ್ ಬ್ರೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ, ಇದು ನಿಮಗೆ ಬಾಯಿಪಾಠ. ಗಂಟೆಗೆ 80ರ ಬದಲು 100ರಲ್ಲಿ ಬರುವ ಕಾರನ್ನು ನಿಲ್ಲಿಸಲು ಡ್ರಮ್ಮುಗಳು ಒಂದೂವರೆ ಪಟ್ಟಿಗಿಂತ ಹೆಚ್ಚು ಶಾಖವನ್ನು ನುಂಗಬೇಕು. ಇಳಿಜಾರಿನಲ್ಲಿ ಮೇಲಿಂದ ಮೇಲೆ ಒತ್ತಿದಾಗ ಬಿಸಿಯಾದ ಲೈನಿಂಗು ಹಿಡಿತ ಬಿಡುತ್ತದೆ. ಒಳಗೆ ಕುಳಿತವರು ನಿಮ್ಮ ಮನೆಯವರು. ಆದ್ದರಿಂದ ಮೊದಲ ರೂಪಾಯಿ ಬ್ರೇಕಿಗೆ, ಎಂಜಿನ್ ಯಾವುದೇ ಇರಲಿ.

ಇನ್ನು ಕಾಗದಪತ್ರ. ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕದಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಕೆಟ್ಟ ಎಂಜಿನ್ನಿನ ಬದಲು ಅದೇ ಬಗೆಯ ಮತ್ತೊಂದನ್ನು ಕೂರಿಸುವುದಕ್ಕೂ ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಬೇಕು. ಬೇರೆ ಬಗೆಯದಕ್ಕೆ ಅನುಮತಿ ಸಿಕ್ಕೇ ಸಿಗುತ್ತದೆಂದು ನಂಬಿ ಮುಂಗಡ ಕೊಡಬೇಡಿ. ಕಚೇರಿಗೆ ಹೋಗಿ ಬರಹದಲ್ಲಿ ಕೇಳಿದ ನಂತರವೇ ಸ್ಪ್ಯಾನರ್ ಹಿಡಿಯಿರಿ. ಅನುಮತಿಯಿಲ್ಲದ ಎಂಜಿನ್ನಿನ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ಕೈಯೆತ್ತಬಹುದು. ಇನ್ನೊಂದು ಸಂಗತಿ: 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದು ಮೂಲರೂಪದಲ್ಲೇ ಇರಬೇಕು, ಚಾಸಿಯಾಗಲಿ ಎಂಜಿನ್ನಾಗಲಿ ಮಾರ್ಪಟ್ಟಿರಬಾರದು. ತಾತನ ಕಾರು 1970ರ ದಶಕದ ಆರಂಭದ್ದಾದರೆ, ಇಸುಝು ಕೂರಿಸಿದ ದಿನವೇ ಈ ಅವಕಾಶ ಕೈಬಿಟ್ಟಂತೆ.

ಹಾಗಾಗಿ ಬ್ರೇಕು, ರೇಡಿಯೇಟರ್, ಕಂಪ್ರೆಷನ್ ಪರೀಕ್ಷೆ, ಅದು ಹೇಳಿದಂತೆ ರಿಂಗು ಅಥವಾ ವಾಲ್ವಿನ ಕೆಲಸ, ಕೊನೆಗೆ ಕಾರ್ಬ್ಯುರೇಟರ್ ಮತ್ತು ಟೈಮಿಂಗ್: ಈ ಸಾಲಿನಲ್ಲಿ ಖರ್ಚು ಮಾಡಿ, ಒಮ್ಮೆ ಘಾಟಿ ಹತ್ತಿಸಿ ನೋಡಿ. ಆಮೇಲೂ ಎಂಜಿನ್ ಬದಲಿಸಿದಿರಾದರೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಪ್ಲಗ್ ರಂಧ್ರಗಳಲ್ಲಿ ಎರಡೆರಡು ಚಮಚ ಆಯಿಲ್ ಬಿಟ್ಟು, ದ್ವಾರಗಳಿಗೆ ಬಟ್ಟೆ ತುರುಕಿ, ನೆಲದ ತೇವ ತಾಗದಂತೆ ಮರದ ಹಲಗೆಯ ಮೇಲೆ ಇಟ್ಟು, ತಿಂಗಳಿಗೊಮ್ಮೆ ಕೈಯಿಂದ ಅರ್ಧ ಸುತ್ತು ತಿರುಗಿಸುತ್ತಿರಿ.